ಮಾವಳ್ಳಿಯಿಂದ ಮಾದಪ್ಪನ ಬೆಟ್ಟಕ್ಕೆ: ಎಂಟು ಆಸನಗಳ ಯಾತ್ರೆ

ಬೆಂಗಳೂರಿನ ಮಾವಳ್ಳಿಯನ್ನು ಬಲ್ಲವರಿಗೆ ಅದರ ಎರಡು ಮುಖಗಳೂ ಪರಿಚಿತವೇ. ಒಂದು ಕಡೆ ಲಾಲ್‌ಬಾಗಿನ ದ್ವಾರ, ಹಳೆಯ ಮರಗಳ ನೆರಳು, 1924ರಲ್ಲಿ ಆರಂಭವಾಗಿ ಮುಂದೆ ಮಾವಳ್ಳಿಯ ಹೆಸರನ್ನೇ ಲೋಕಕ್ಕೆ ಸಾರಿದ ಎಂ.ಟಿ.ಆರ್. ಉಪಾಹಾರ ಗೃಹದ ಮುಂದೆ ಬೆಳಗಿನಿಂದಲೇ ಕಾದು ನಿಲ್ಲುವ ಜನ. ಇನ್ನೊಂದು ಕಡೆ ಮಿನರ್ವ ವೃತ್ತದಿಂದ ಪುರಭವನದವರೆಗೆ ಹಬ್ಬಿದ ಜೆ.ಸಿ. ರಸ್ತೆ, ಅಲ್ಲಿ ಸಾಲುಸಾಲಾಗಿ ಮೋಟಾರು ಬಿಡಿಭಾಗಗಳ ಅಂಗಡಿಗಳು, ಸೀಟಿಗೆ ಕವರು ಹೊಲಿಯುವವರು, ಅದರಾಚೆ ಕಲಾಸಿಪಾಳ್ಯದ ಬಸ್ಸು ಲಾರಿಗಳ ಸಂತೆ. ಒಂದು ಕಿವಿಗೆ ಉದ್ಯಾನದ ಹಕ್ಕಿಗಳ ದನಿ, ಇನ್ನೊಂದು ಕಿವಿಗೆ ಎಂಜಿನ್ನಿನ ಸದ್ದು ಕೇಳುತ್ತ ಬೆಳೆದ ನಾವು, ಮನೆಮಂದಿಯ ವಾಹನವೊಂದರ ಗುಣವಿಶೇಷಗಳನ್ನು ಒಂದು ಯಾತ್ರೆಯ ನೆಪದಲ್ಲಿ ವಾಚಕ ಬಂಧುಗಳ ಮುಂದಿಡಲು ಬಯಸಿದ್ದೇವೆ.

ತಂದೆಯವರು ಇದ್ದಾಗ ನಮ್ಮದು ಎಂಟು ಜನರ ಕೂಡು ಕುಟುಂಬ. ನಮ್ಮಲ್ಲಿದ್ದ ಕಾರಿಗೆ ಐದೇ ಆಸನ. ಪ್ರತಿ ಪ್ರಯಾಣಕ್ಕೂ ಮುನ್ನ ಮನೆಯಲ್ಲಿ ಒಂದು ಮೌನದ ಲೆಕ್ಕ ನಡೆಯುತ್ತಿತ್ತು. ಆ ಲೆಕ್ಕದಲ್ಲಿ ಮೊದಲು ಹಿಂದೆ ಸರಿಯುತ್ತಿದ್ದವರು ಹಿರಿಯರೇ. ಒಂದು ಕಾರ್ತಿಕ ಮಾಸದಲ್ಲಿ ಮಲೆ ಮಹದೇಶ್ವರನ ಬೆಟ್ಟಕ್ಕೆ ಹೊರಟಾಗ ತಂದೆಯವರು, "ನೀವು ಹೋಗಿ ಬನ್ನಿ, ನಮ್ಮದು ಮುಂದಿನ ಸಲ ನೋಡೋಣ" ಎಂದು ಬಾಗಿಲಲ್ಲೇ ನಿಂತರು. ಮುಂದಿನ ಕಾರ್ತಿಕ ಬರುವ ಮೊದಲೇ ಅವರು ಲಿಂಗೈಕ್ಯರಾದರು. ಆ ಮಾತು ಅಣ್ಣನವರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಮರುವರ್ಷ ಅವರು ಹಳೆಯ ಕಾರನ್ನು ಮಾರಿ, ಒಮ್ಮೆ ಬಳಸಿದ್ದಾದರೂ ಸುಸ್ಥಿತಿಯಲ್ಲಿದ್ದ ಎಂಟು ಆಸನಗಳ ಇನ್ನೋವಾ ಕ್ರಿಸ್ಟಾ ವಾಹನವೊಂದನ್ನು ಮನೆಗೆ ತಂದರು.

ಹೆಸರು ಪರದೇಶದ್ದಾದರೂ ಈ ವಾಹನ ಸಿದ್ಧವಾದುದು ನಮ್ಮ ನೆರೆಯ ಬಿಡದಿಯಲ್ಲಿ. 1888ರಲ್ಲಿ ಬೆಳಗಾವಿಯ ಸೈಕಲ್ ಅಂಗಡಿಯೊಂದರಿಂದ ಆರಂಭವಾದ ಕಿರ್ಲೋಸ್ಕರ್ ಮನೆತನದ ಉದ್ಯಮ, ಜಪಾನಿನ ಟೊಯೋಟಾದೊಡನೆ ಕೂಡಿ 1997ರಲ್ಲಿ ಹೊಸ ಸಂಸ್ಥೆ ಕಟ್ಟಿತು. ಬಿಡದಿಯ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ, 2016ರಲ್ಲಿ ಕ್ರಿಸ್ಟಾ ಹೊರಬಂದವು. ಈ ಮೂರರ ಡೀಸೆಲ್ ಎಂಜಿನ್ನುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಟರ್ಬೊ ಇಲ್ಲದ ಕ್ವಾಲಿಸ್‌ನ 2,446 ಸಿ.ಸಿ. ಎಂಜಿನ್ನು ಕೊಡುತ್ತಿದ್ದುದು 75 ಅಶ್ವಶಕ್ತಿ. ಟರ್ಬೊ ಹಾಗೂ ಹೊಸ ಬಗೆಯ ಇಂಧನ ಸಿಂಪಡಣೆ ಪಡೆದ ಮೊದಲ ಇನ್ನೋವಾ 2,494 ಸಿ.ಸಿ.ಯಲ್ಲಿ 102 ಅಶ್ವಶಕ್ತಿ ಕೊಟ್ಟಿತು. ನಮ್ಮ ಕ್ರಿಸ್ಟಾದ್ದು 2,393 ಸಿ.ಸಿ.; ಶಕ್ತಿ ಮಾತ್ರ 150. ಪಾತ್ರೆ ಹೆಚ್ಚುಕಡಿಮೆ ಅಷ್ಟೇ ದೊಡ್ಡದು, ಅಡುಗೆ ಮಾತ್ರ ಎರಡರಷ್ಟು!

ಹೊರಡುವ ಹಿಂದಿನ ರಾತ್ರಿ ತಾಯಿಯವರು ಆಸನಗಳನ್ನು ಎಣಿಸಿದರು. ಮುಂದೆ ಎರಡು, ನಡುವೆ ಮೂರು, ಹಿಂದೆ ಮೂರು. ಮನೆಯವರು ಈಗ ಏಳೇ ಜನ. "ಅದು ನಿಮ್ಮಪ್ಪನ ಜಾಗ. ಖಾಲಿ ಹೋಗೋದು ಬೇಡ. ಪಕ್ಕದ ಮನೆ ಅಜ್ಜೀನ ಕರ್ಕೊಂಡು ಹೋಗೋಣ" ಎಂದರು. ಆ ವೃದ್ಧೆಯ ಮಕ್ಕಳು ದೂರದ ಊರುಗಳಲ್ಲಿದ್ದಾರೆ. ಬೆಟ್ಟ ಕಾಣದೆ ಎಷ್ಟು ವರ್ಷವಾಯಿತೋ ಅವರಿಗೇ ನೆನಪಿರಲಿಲ್ಲ. ಕರೆದಾಗ ಆ ತಾಯಿ ಮಾತಾಡಲಿಲ್ಲ, ಎದ್ದು ಸೀರೆ ಮಡಿಸತೊಡಗಿದರು.

ಬೆಳಗಿನ ಐದಕ್ಕೆ ಮಾವಳ್ಳಿಯನ್ನು ಬಿಟ್ಟೆವು. ಅಣ್ಣನವರ ಮಗ ಚಾಲಕ, ಅವನ ಪಕ್ಕದಲ್ಲಿ ಅಣ್ಣನವರು. ನಡುವಿನ ಸಾಲಿನಲ್ಲಿ ಹಿರಿಯರಿಬ್ಬರು ಮತ್ತು ಅತ್ತಿಗೆ, ಹಿಂದಿನ ಸಾಲಿನಲ್ಲಿ ನಾವು, ನಮ್ಮ ಮನೆಯವರು, ಮಗಳು. ಬೆಟ್ಟಕ್ಕೆ ಸುಮಾರು 210 ಕಿ.ಮೀ. ದಾರಿ. ಕನಕಪುರ, ಸಾತನೂರು, ಹಲಗೂರು ದಾಟಿ ಮಳವಳ್ಳಿಯಲ್ಲಿ ತಿಂಡಿ ಮುಗಿಸಿ, ಸತ್ತೇಗಾಲದ ಬಳಿ ಕಾವೇರಿಯನ್ನು ಕಂಡೆವು. ಸಮೀಪದ ಶಿವನಸಮುದ್ರದಲ್ಲಿ 1902ರಿಂದ ನದಿಯ ನೀರು ವಿದ್ಯುತ್ತಾಗುತ್ತಿದೆ. ಅದು ಮೊದಲು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ಹರಿಯಿತು. ಮಳವಳ್ಳಿ ಸೀಮೆಯಲ್ಲಿ ಹುಟ್ಟಿದ ತಾಯಿಯವರಿಗೆ ಅದು ಇಂದಿಗೂ 'ಬ್ಲಫ್'.

"ಟರ್ಬೊ ಟರ್ಬೊ ಅಂತೀಯಲ್ಲ, ಅದೇನಪ್ಪ?" ಎಂದು ತಾಯಿಯವರು ಮೊಮ್ಮಗನನ್ನು ಕೇಳಿದ್ದು ಅಲ್ಲಿಯೇ.

"ಬ್ಲಫ್‌ನಲ್ಲಿ ನೀರು ಚಕ್ರ ತಿರುಗಿಸುತ್ತಲ್ಲ ಅಜ್ಜಿ, ಇಲ್ಲಿ ಹೊಗೆ ಚಕ್ರ ತಿರುಗಿಸುತ್ತೆ" ಎಂದ ಅವನು.

ಇದಕ್ಕಿಂತ ಸುಲಭವಾದ ವಿವರಣೆ ನಮಗೂ ತಿಳಿಯದು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಸುಮ್ಮನೆ ಗಾಳಿಗೆ ಸೇರುವ ಮೊದಲು ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿನೊಳಕ್ಕೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಹೆಚ್ಚು ಡೀಸೆಲ್ ಚೆನ್ನಾಗಿ ಉರಿದು ಹೆಚ್ಚು ಬಲ ಹುಟ್ಟುತ್ತದೆ. ಈ ಚಕ್ರಗಳು ನಿಮಿಷಕ್ಕೆ ಲಕ್ಷ ಸುತ್ತುಗಳನ್ನೂ ಮೀರಿ ತಿರುಗಬಲ್ಲವು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು ಈ ಉಪಾಯಕ್ಕೆ ಹಕ್ಕುಪತ್ರ ಪಡೆದದ್ದು 1905ರಲ್ಲಿ. ಶಿವನಸಮುದ್ರದ ವಿದ್ಯುತ್ತು ಬೆಂಗಳೂರನ್ನು ಬೆಳಗಿದ ವರ್ಷವೂ ಅದೇ. ಪೋಲಾಗುವುದನ್ನು ಕಾಯಕಕ್ಕೆ ಹಚ್ಚುವ ಈ ಜಾಣ್ಮೆ ಗೃಹಸ್ಥರಾದ ನಮಗೆ ಬಹಳ ಹಿಡಿಸಿತು.

ಕೊಳ್ಳೇಗಾಲ, ಹನೂರು, ಕೌದಳ್ಳಿಗಳನ್ನು ದಾಟಿ ತಾಳಬೆಟ್ಟಕ್ಕೆ ಬಂದಾಗ ನಿಜವಾದ ಪರೀಕ್ಷೆ ಎದುರಾಯಿತು. ಜನಪದರು ಎಪ್ಪತ್ತೇಳು ಮಲೆ ಎಂದು ಕೊಂಡಾಡುವ ಈ ಕಾಡು 2013ರಿಂದ ವನ್ಯಜೀವಿಧಾಮ. ರಸ್ತೆ ಹಾವಿನಂತೆ ಸುತ್ತಿ ಸುತ್ತಿ ಏರುತ್ತದೆ. ನಾವು ಚಿಕ್ಕವರಿದ್ದಾಗ ಬಾಡಿಗೆಯ ವ್ಯಾನಿನಲ್ಲಿ ಬಂದು, ಚಡಾವಿನಲ್ಲಿ ಗಂಡಸರೆಲ್ಲ ಇಳಿದು ನಡೆದದ್ದು ನೆನಪಿದೆ. ಈ ಸಲ ಎಂಟು ಜನ, ಗಂಟುಮೂಟೆ, ತಂಪು ಗಾಳಿಯ ಯಂತ್ರವೂ ಚಾಲನೆಯಲ್ಲಿ. ಆದರೂ ಎಂಜಿನ್ನು ಏದುಸಿರು ಬಿಡಲಿಲ್ಲ.

ಇದರ ಗುಟ್ಟು ಅಶ್ವಶಕ್ತಿಗಿಂತ ಹೆಚ್ಚಾಗಿ ತಿರುಚು ಬಲದಲ್ಲಿದೆ. ಗಾಣದ ಎತ್ತು ಓಡುವುದಿಲ್ಲ, ಆದರೆ ಭಾರವಾದ ಗಾಣವನ್ನು ನಿಧಾನವಾಗಿಯೇ ತಿರುಗಿಸುತ್ತದೆ. ಇದೂ ಅಂಥ ಬಲ. ಈ ಎಂಜಿನ್ನು ನಿಮಿಷಕ್ಕೆ 1,400 ಸುತ್ತಿನಿಂದ 2,800 ಸುತ್ತಿನವರೆಗೆ ತನ್ನ ಪೂರ್ಣ ತಿರುಚು ಬಲವನ್ನು, ಅಂದರೆ 343 ನ್ಯೂಟನ್ ಮೀಟರನ್ನು, ಕೊಡುತ್ತದೆ. ಆದ್ದರಿಂದ ಅಬ್ಬರವಿಲ್ಲದೆ ಎರಡನೆಯ ಗೇರಿನಲ್ಲೇ ಬೆಟ್ಟ ಏರಬಹುದು. ತೀರ ಕಡಿದಾದ ತಿರುವಿನಲ್ಲಿ ಸುತ್ತು 1,400ಕ್ಕಿಂತ ಕೆಳಗಿಳಿದಾಗ ಮಾತ್ರ ಒಂದರೆಕ್ಷಣ ತಡವರಿಕೆ. ಟರ್ಬೊ ಎಂಜಿನ್ನುಗಳ ಸ್ವಭಾವವೇ ಅದು; ಹೊಗೆಯ ರಭಸ ಕುಗ್ಗಿದರೆ ಚಕ್ರದ ಬಿರುಸೂ ಕುಗ್ಗುತ್ತದೆ. ಹುಡುಗ ಮೊದಲ ಗೇರಿಗೆ ಇಳಿಸಿದೊಡನೆ ವಾಹನ ಮತ್ತೆ ಮೇಲೇರಿತು. ಹಿಂದಿನ ಚಕ್ರಗಳಿಗೇ ಬಲ ಸಲ್ಲುವ ರಚನೆಯಾದ್ದರಿಂದ ಏರಿನಲ್ಲಿ ಹಿಂದಕ್ಕೆ ವಾಲುವ ಭಾರವೇ ಹಿಡಿತಕ್ಕೆ ನೆರವಾಗುತ್ತದೆ. ವೇಗ ಎಲ್ಲಿಯೂ 30 ಕಿ.ಮೀ. ದಾಟಲಿಲ್ಲ. ತಾಯಿಯವರು ಪಕ್ಕದ ಮನೆಯ ಅಜ್ಜಿಯೊಡನೆ ಹಳೆಯ ಕಥೆ ಹೇಳುತ್ತಲೇ ಇದ್ದರು. ಬೆಟ್ಟ ಏರಿದ್ದು ಅವರಿಗೆ ತಿಳಿದದ್ದು ಕಿವಿ ಕಟ್ಟಿದಾಗ.

ಕೊಳ್ಳಬೇಕೆನ್ನುವ ಬಂಧುಗಳಿಗಾಗಿ ಅನುಭವದ ಕೆಲವು ಮಾತು. ಎಂಟು ಜನ ಕುಳಿತರೆ ಸಾಮಾನಿಗೆ ಉಳಿಯುವುದು ಕೊಂಚವೇ ಜಾಗ; ಪ್ರತಿಯೊಬ್ಬರಿಗೂ ಒಂದೊಂದು ಮೆತ್ತನೆಯ ಚೀಲ ಸಾಕೆಂದು ಮೊದಲೇ ಗೊತ್ತುಮಾಡಬೇಕು. ವಾಹನ ಎತ್ತರವಾದ್ದರಿಂದ ಮಂಡಿನೋವಿನ ಹಿರಿಯರಿಗೆ ಒಂದು ಗಟ್ಟಿ ಮಣೆ ಜೊತೆಯಲ್ಲಿರಲಿ. ಮೂರನೆಯ ಸಾಲಿಗೆ ತಿರುವುಗಳ ತೂಗಾಟ ಹೆಚ್ಚು. ನಮ್ಮ ಮಗಳಿಗೆ ವಾಕರಿಕೆ ಬಂದು ನಿಂಬೆಹಣ್ಣು ನೆರವಾಯಿತು. ಹಿಂದಿನ ಸಾಲಿನವರೂ ಬೆಲ್ಟು ಧರಿಸಲೇಬೇಕು. 4,735 ಮಿಲಿಮೀಟರು ಉದ್ದದ ಗಾಡಿಯನ್ನು ಮಾವಳ್ಳಿಯ ಗಲ್ಲಿಯಲ್ಲಿ ನಿಲ್ಲಿಸುವುದು ಬೆಟ್ಟ ಹತ್ತುವುದಕ್ಕಿಂತ ಕಷ್ಟವೆಂದು ಅಣ್ಣನವರು ನಗುತ್ತಾರೆ. ಆ ಪ್ರಯಾಣದಲ್ಲಿ ನಮಗೆ ಲೀಟರು ಡೀಸೆಲ್‌ಗೆ ಸುಮಾರು 12 ಕಿ.ಮೀ. ದಕ್ಕಿತು.

ಏರಿದ ಮೇಲೆ ಎಂಜಿನ್ನನ್ನು ಒಡನೆಯೇ ಆರಿಸದೆ ಒಂದು ನಿಮಿಷ ಸುಮ್ಮನೆ ಓಡಲು ಬಿಟ್ಟೆವು. ಕಾದ ಟರ್ಬೊ ತಣ್ಣಗಾಗಲು ಎಣ್ಣೆ ಹರಿಯುತ್ತಿರಬೇಕು. ಇಳಿಯುವಾಗ ಟರ್ಬೊ ಯಾವ ನೆರವನ್ನೂ ಕೊಡದು. ಅಲ್ಲಿ ಕಾಯುವುದು ಕೆಳಗಿನ ಗೇರು ಮತ್ತು ಚಾಲಕನ ತಾಳ್ಮೆ. ಇಡೀ ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತಿ ಹಿಡಿದರೆ ಅದು ಕಾದು ಹಿಡಿತ ತಪ್ಪೀತು. ಎಂಟು ಜೀವಗಳ ಭಾರ ಬೆನ್ನಿಗಿದ್ದಾಗ 150 ಅಶ್ವಶಕ್ತಿಯ ಹೆಮ್ಮೆಗಿಂತ ಈ ಎಚ್ಚರವೇ ದೊಡ್ಡದು.

ದರ್ಶನ ಮುಗಿಸಿ ಪ್ರಸಾದ ಸ್ವೀಕರಿಸಿ ಹೊರಗೆ ಬಂದಾಗ ಪಕ್ಕದ ಮನೆಯ ಅಜ್ಜಿ ಬೆಟ್ಟಸಾಲಿನ ಕಡೆ ಮುಖಮಾಡಿ ಬಹಳ ಹೊತ್ತು ನಿಂತರು. "ಕಣ್ಣು ಕಾಣೋ ಹೊತ್ತಿಗೇ ಕರ್ಕೊಂಡು ಬಂದ್ರಲ್ಲ" ಎಂದಷ್ಟೇ ಹೇಳಿದರು. ತಾಯಿಯವರು ಅವರ ಕೈ ಹಿಡಿದುಕೊಂಡರು. ಅಣ್ಣನವರು ಮುಖ ಆ ಕಡೆ ತಿರುಗಿಸಿದ್ದನ್ನು ನಾವು ಕಂಡೂ ಕಾಣದಂತೆ ಇದ್ದೆವು.

ವಾಹನ ಕೊಳ್ಳುವಾಗ ಎಷ್ಟು ವೇಗ, ಎಷ್ಟು ಬೆಲೆ ಎಂದು ಎಲ್ಲರೂ ಕೇಳುತ್ತೇವೆ. ಮನೆಯಲ್ಲಿ ಯಾರು ಉಳಿದುಹೋಗುತ್ತಾರೆ ಎಂಬುದನ್ನೂ ಒಮ್ಮೆ ಕೇಳಿಕೊಳ್ಳೋಣ. ಹೊಸ ವಾಹನ ಕೊಳ್ಳುವ ಅನುಕೂಲ ಎಲ್ಲರಿಗೂ ಇರದು. ಒಂದು ದಿನದ ಮಟ್ಟಿಗೆ ಬಾಡಿಗೆಗೆ ತಂದರೂ ಆದೀತು. ಹಿರಿಯರು "ಮುಂದಿನ ಸಲ" ಎಂದಾಗ ಆ ಮಾತನ್ನು ಒಪ್ಪಿಕೊಳ್ಳದಿರಲಿ ನಮ್ಮ ಮನೆಗಳು.