ಹನ್ನೊಂದು ಗಂಟೆ ಹತ್ತು ನಿಮಿಷ

ಅಮ್ಮ ಊರಿಂದ ಬಂದು ಹದಿನೈದು ದಿನ ಆಗಿತ್ತು. ಬಿಪಿ ಮಾತ್ರೆ ಮುಗೀತು ಅಂತ ನಮ್ಮ ಬಡಾವಣೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ಬಿಪಿ ನೋಡಿದ ಮೇಲೆ ನರ್ಸ್ ಒಂದು ಟ್ಯಾಬ್ ತಂದು ಅಮ್ಮನ ಮುಂದಿಟ್ಟರು. "ಅರವತ್ತು ದಾಟಿದವರಿಗೆಲ್ಲ ಮಾಡ್ತೀವಿ ಮೇಡಂ. ನೆನಪಿನ ಶಕ್ತಿ ನೋಡೋದು, ಹತ್ತೇ ನಿಮಿಷ."

ಅಮ್ಮನಿಗೆ ಎಪ್ಪತ್ತೆರಡು. ಓದಿದ್ದು ಏಳನೇ ಕ್ಲಾಸು. ಪರೀಕ್ಷೆ ಅಂತ ಕೂತು ಅರವತ್ತು ವರ್ಷವಾಗಿತ್ತೇನೋ, ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

ಇವತ್ತು ಯಾವ ದಿನ ಅಂತ ಮೊದಲ ಪ್ರಶ್ನೆ. "ಬಹುಳ ಪಂಚಮಿ" ಅಂದಳು, ಒಂದು ಕ್ಷಣವೂ ಯೋಚಿಸದೆ. ಟ್ಯಾಬಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ! ಆಮೇಲೆ ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಬೇಕಿತ್ತು. ವರ್ಷಗಟ್ಟಲೆ ಅಡಿಕೆ ಸುಲಿದು ಒರಟಾದ ಬೆರಳು. ಎಷ್ಟು ಒತ್ತಿದರೂ ಗೆರೆ ಅರ್ಧಕ್ಕೇ ನಿಲ್ಲುತ್ತಿತ್ತು. "ಎಂಥದಾ ಇದು, ಮುಟ್ಟಿದ್ರೂ ಗೊತ್ತೇ ಆಗಲ್ವಲ್ಲ ಇದಕ್ಕೆ?" ಅಂತ ನನ್ನ ಮುಖ ನೋಡಿದಳು. ಪದಗಳನ್ನು ಓದಿ ಹೇಳುತ್ತಿದ್ದ ದನಿಯೋ, ರೈಲು ತಪ್ಪಿಹೋಗುವವರ ಹಾಗೆ ಓಡುತ್ತಿತ್ತು. ಅಮ್ಮನ ಎಡಗಿವಿ ಮೊದಲೇ ಮಂದ.

ಕೊನೆಗೆ ತೆರೆಯ ಮೇಲೆ ಕೆಂಪು ವೃತ್ತ. 30ಕ್ಕೆ 16.

ನನಗೆ ಸಿಟ್ಟು ಬಂತು. ಸೀದಾ ಒಳಗೆ ಹೋಗಿ ಡಾಕ್ಟರ ಹತ್ತಿರ ಜಗಳಕ್ಕೇ ನಿಂತೆ. ನಿಮ್ಮ ಟ್ಯಾಬು ಅಳೆದದ್ದು ನಮ್ಮಮ್ಮನ ಬೆರಳನ್ನ, ಕಿವಿಯನ್ನ, ನೆನಪನ್ನಲ್ಲ ಅಂದೆ.

"ನಿಜ" ಅಂದರು! "ಇದು ಜರಡಿ ಅಷ್ಟೇ, ತೀರ್ಪಲ್ಲ. ಬನ್ನಿ, ಬಾಯಲ್ಲೇ ಕೇಳೋಣ."

ಈ ಥರದ ಪರೀಕ್ಷೆ ಹೊಸದೇನಲ್ಲವಂತೆ. ಎಂಎಂಎಸ್‌ಇ ಅನ್ನೋದು 1975ರದ್ದು, ಮೋಕಾ 2005ರದ್ದು, ಎರಡೂ 30 ಅಂಕಕ್ಕೆ. ಮೋಕಾದಲ್ಲಿ ಹನ್ನೆರಡು ವರ್ಷಕ್ಕಿಂತ ಹೆಚ್ಚು ಓದದವರಿಗೆ ಒಂದು ಅಂಕ ಕೊಸರು ಕೊಡ್ತಾರೆ. ನಮ್ಮ ಐಸಿಎಂಆರ್ ಕೂಡ ಕನ್ನಡವೂ ಸೇರಿ ಐದು ಭಾಷೆಗಳಲ್ಲಿ, ಓದು ಬಾರದವರಿಗೂ ಹೊಂದುವಂಥ ಪರೀಕ್ಷೆಗಳನ್ನು ಮಾಡಿಸಿದೆ. ಅಂದರೆ ಓದಿನ ತೊಡಕು ಗೊತ್ತಿಲ್ಲದ್ದಲ್ಲ. ಗೊತ್ತಿದ್ದನ್ನು ಟ್ಯಾಬಿಗೆ ಹೇಳಿಕೊಟ್ಟವರಿರಲಿಲ್ಲ, ಅಷ್ಟೇ.

ಡಾಕ್ಟ್ರು ಕಾಗದ, ಪೆನ್ನು ಕೊಟ್ಟರು. ಗಡಿಯಾರ ದುಂಡಗೆ ಬಂತು, ಮುಳ್ಳುಗಳೂ ಸರಿಯಾಗಿದ್ದವು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂದರೆ, ಹಾಲಿನ ಲೆಕ್ಕ ಹೇಳಿದ ಹಾಗೆ ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು... ನಾನು ಗೆದ್ದವಳ ಹಾಗೆ ಕೂತಿದ್ದೆ.

ಆಮೇಲೆ ಡಾಕ್ಟ್ರು, "ಅಮ್ಮಾ, ಆಗಲೇ ಐದು ಪದ ಹೇಳಿದ್ನಲ್ಲ, ಹೇಳಿ ನೋಡೋಣ" ಅಂದರು.

ಅಮ್ಮ ನಕ್ಕಳು. "ನೀವು ನಂಗೆ ಯಾವ ಪದಾನೂ ಹೇಳ್ಲಿಲ್ವಲ್ಲ ಡಾಕ್ಟ್ರೇ."

ಹೇಳಿದ್ದರು. ಐದು ನಿಮಿಷದ ಕೆಳಗೆ, ದೊಡ್ಡ ದನಿಯಲ್ಲಿ, ಬಲಗಿವಿಯ ಹತ್ತಿರ. ಅಮ್ಮ ಐದನ್ನೂ ತಿರುಗಿ ಹೇಳಿದ್ದನ್ನು ನಾನೇ ಕೇಳಿದ್ದೆ.

"ಹೋದ ವರ್ಷಕ್ಕೂ ಈ ವರ್ಷಕ್ಕೂ ಇವರಲ್ಲಿ ಏನಾದ್ರೂ ವ್ಯತ್ಯಾಸ ಕಂಡಿದೆಯಾ?" ಈ ಪ್ರಶ್ನೆ ನನಗೆ.

ನನ್ನ ಬಾಯಿ ಕಟ್ಟಿತು. ಹೋದ ವರ್ಷ ಊರಿಗೆ ಹೋದದ್ದು ಎರಡೇ ಸಲ. ಒಂದೇ ಸಂಜೆ ಎರಡು ಸಲ ಫೋನ್ ಮಾಡಿ, ದನ ಕರು ಹಾಕಿದ ಸುದ್ದಿಯನ್ನು ಹೊಸದೆಂಬಂತೆ ಹೇಳಿದಾಗ "ಆಗ್ಲೇ ಹೇಳಿದ್ಯಲ್ಲೇ" ಅಂತ ರೇಗಿದ್ದೆ. ಕುಕ್ಕರ್ ಸೀದದ್ದಕ್ಕೆ ನಕ್ಕಿದ್ದೆ. ಟ್ಯಾಬಿಗೆ ಅಮ್ಮನ ಪರಿಚಯ ಹತ್ತೇ ನಿಮಿಷದ್ದು. ನನಗೆ?

ರಕ್ತ ಪರೀಕ್ಷೆಯಲ್ಲಿ ಬಿ12 ತೀರಾ ಕಡಿಮೆ ಬಂತು. ಅದು ಕಡಿಮೆಯಾದರೂ, ಥೈರಾಯ್ಡ್ ಹೆಚ್ಚುಕಮ್ಮಿಯಾದರೂ, ಮನಸ್ಸು ಕುಗ್ಗಿದರೂ ಮರೆವು ಬರಬಹುದಂತೆ, ಹಾಗಾದರೆ ವಾಸಿಯಾಗಲೂಬಹುದಂತೆ. ಅದೊಂದೇ ಕಾರಣ ಅಂತ ಮಾತ್ರ ಡಾಕ್ಟ್ರು ಹೇಳಲಿಲ್ಲ. ಇಂಜೆಕ್ಷನ್ ಶುರುವಾಗಿದೆ. ಕಿವಿ ಡಾಕ್ಟರಿಗೂ ತೋರಿಸಬೇಕು. ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷೆ, ಕಾಗದದಲ್ಲಿ.

ನಿನ್ನೆ ರಾತ್ರಿ ಅಮ್ಮ ಕರುವಿನ ಕಥೆ ಮತ್ತೆ ಹೇಳಿದಳು. ರೇಗಲಿಲ್ಲ. ಪೂರ್ತಿ ಕೇಳಿ, ಆಮೇಲೆ ಡೈರಿಯಲ್ಲಿ ತಾರೀಖು ಹಾಕಿ ಬರೆದಿಟ್ಟೆ. ಪಕ್ಕದಲ್ಲಿ ತಿಥಿಯನ್ನೂ. ಡಾಕ್ಟ್ರು ಮತ್ತೆ ಅದೇ ಪ್ರಶ್ನೆ ಕೇಳ್ತಾರಲ್ಲ, ಈ ಸಲ ನನ್ನ ಹತ್ತಿರ ಉತ್ತರ ಇರಬೇಕು.