ತಿರುವಿನಲ್ಲಿ ನಿಲ್ಲುವವರು

ಎಪ್ಪತ್ತರ ದಶಕದಲ್ಲಿ ಕರ್ನಾಟಕದಿಂದ ಇಂಗ್ಲೆಂಡಿಗೆ ಹೋದ ಎಷ್ಟೋ ಡಾಕ್ಟರುಗಳಲ್ಲಿ ನಮ್ಮಪ್ಪನೂ ಒಬ್ಬರು. ಉತ್ತರದ ಆ ಮಳೆಯೂರು ನನಗೆ ನನ್ನೂರು ಅನ್ನಿಸಿದ್ದು ಚರ್ಚಿನ ಹಿಂದಿನ ಹಾಲ್‌ನಲ್ಲಿ ವಾರಕ್ಕೊಂದು ಸಂಜೆ ಸೇರುತ್ತಿದ್ದ ಸ್ಲಾಟ್ ಕಾರ್ ಕ್ಲಬ್ಬಿನಿಂದ.

ಈಗಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು. ಹಲಗೆಯುದ್ದಕ್ಕೂ ಕೊರೆದ ಸೀಳು, ಅದರ ಎರಡೂ ಅಂಚಿಗೆ ಅಂಟಿಸಿದ ತಾಮ್ರದ ಪಟ್ಟಿ, ಪಟ್ಟಿಯಲ್ಲಿ 12 ವೋಲ್ಟಿನ ಕರೆಂಟು. ಅಂಗೈಯಲ್ಲಿ ಹಿಡಿಸುವ ಕಾರಿನ ಅಡಿಯಲ್ಲೊಂದು ನಾಲಿಗೆ. ಅದು ಸೀಳಿನೊಳಗೆ ಇಳಿದಿರಬೇಕು, ಪಕ್ಕದ ತಂತಿ ಎಳೆಗಳು ತಾಮ್ರವನ್ನು ಸವರುತ್ತಲೇ ಇರಬೇಕು. ಸ್ಟಿಯರಿಂಗ್ ಇಲ್ಲ, ಪೆಡಲ್ ಇಲ್ಲ, ಇರುವುದು ವೇಗದ ಗುಂಡಿ ಒತ್ತುವ ನಿಮ್ಮದೊಂದು ಬೆರಳು. ತಿರುವಿನಲ್ಲಿ ಅದನ್ನು ಸಡಿಲಿಸದಿದ್ದರೆ ಕಾರು ಸೀಳು ಬಿಟ್ಟು ಹಾರಿ ಹೋಗುತ್ತಿತ್ತು.

ಸ್ಪ್ರಿಂಗಿನ ಬಲದಿಂದ ಓಡುವ ತಗಡಿನ ಕಾರುಗಳನ್ನು ಮಾಡುತ್ತಿದ್ದ ಫ್ರೆಡ್ ಫ್ರಾನ್ಸಿಸ್ ಅವಕ್ಕೆ ಮೋಟಾರು ಕೂರಿಸಿ, 1957ರಲ್ಲಿ ಹ್ಯಾರೊಗೇಟ್‌ನ ಆಟಿಕೆ ಮೇಳದಲ್ಲಿ ಸ್ಕೇಲೆಕ್ಸ್‌ಟ್ರಿಕ್ ಎಂಬ ಹೆಸರಿನಲ್ಲಿ ಈ ಆಟವನ್ನು ತೋರಿಸಿದರು. ಮರುವರ್ಷವೇ ಲೈನ್ಸ್ ಬ್ರದರ್ಸ್ ಎಂಬ ಆಟಿಕೆ ಸಂಸ್ಥೆ ಅವರ ಕಂಪನಿಯನ್ನು ಕೊಂಡುಕೊಂಡಿತು. ಅರವತ್ತರ ದಶಕದಲ್ಲಿ ಪ್ಲಾಸ್ಟಿಕ್ ಕಾರುಗಳು ಮನೆಮನೆಗೆ ನುಗ್ಗಿದವು. ಮನೆಯ ಕಾರ್ಪೆಟ್ಟಿನ ಮೇಲೆ ಆಡಿ ತೃಪ್ತಿಯಾಗದವರು ಕ್ಲಬ್ಬು ಕಟ್ಟಿ, ಹಲಗೆ ತಂದು, ತಾವೇ ಸೀಳು ಕೊರೆದರು.

ನಮ್ಮ ಕ್ಲಬ್ಬಿನಲ್ಲೊಂದು ಕಟ್ಟುನಿಟ್ಟಿನ ನಿಯಮವಿತ್ತು. ನಿಮ್ಮ ಪಂದ್ಯ ಮುಗಿದ ಮೇಲೆ ನೀವು ತಿರುವಿಗೆ ಹೋಗಿ ನಿಲ್ಲಬೇಕು. ಇನ್ನೊಬ್ಬರ ಕಾರು ಹಾರಿದರೆ ಹೆಕ್ಕಿ, ತಂತಿ ಎಳೆ ಸರಿಮಾಡಿ, ಅದರದೇ ಸೀಳಿಗೆ ಕೂರಿಸಬೇಕು. ಐದು ನಿಮಿಷದ ಹಿಂದೆ ನಿಮ್ಮನ್ನು ಸೋಲಿಸಿದವನ ಕಾರಾದರೂ ಅಷ್ಟೇ ಚುರುಕಾಗಿ ಎತ್ತಬೇಕು. ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರು ಕನ್ನಡಕ ಮೂಗಿನ ತುದಿಗಿಳಿಸಿ, ಪೆನ್ಸಿಲಿನಲ್ಲಿ ಸುತ್ತು ಗುರುತಿಸುತ್ತಾ ಇದನ್ನೆಲ್ಲ ಗಮನಿಸುತ್ತಿದ್ದರು. ಬೇಕೆಂದೇ ತಡಮಾಡಿದ ಹುಡುಗನಿಗೆ ಮುಂದಿನ ಪಂದ್ಯದಲ್ಲಿ ಕಾರಿಲ್ಲ. ಬಿಸಿಯಾದ ಮೋಟಾರು, ಎಣ್ಣೆ, ಒದ್ದೆ ಕೋಟು ಎಲ್ಲದರ ವಾಸನೆ ಬೆರೆತ ಆ ಕೋಣೆಯಲ್ಲಿ ಅಮ್ಮ ಕಟ್ಟಿಕೊಟ್ಟ ಕೋಡುಬಳೆ ಚಹಾದ ಜೊತೆ ಎಲ್ಲರ ಕೈಗೂ ಹೋಗುತ್ತಿತ್ತು. ಶಾಲೆಯ ಅಂಗಳದಲ್ಲಿ ನನ್ನ ಮೈಬಣ್ಣ ಹಿಡಿದು ಆಡಿಕೊಳ್ಳುತ್ತಿದ್ದ ಹುಡುಗ ಅಲ್ಲಿ ನನ್ನ ಕಾರನ್ನು ಎತ್ತಿಟ್ಟು 'ಹೋಗು' ಎಂದು ಕೂಗುತ್ತಿದ್ದ. ಅದು ನನಗೆ ಎಷ್ಟು ದೊಡ್ಡದಾಗಿತ್ತು ಎಂಬುದನ್ನು ಇವತ್ತಿಗೂ ಸರಿಯಾಗಿ ಹೇಳಲಾರೆ.

ಎಂಬತ್ತರ ದಶಕದಲ್ಲಿ ವಿಡಿಯೋ ಗೇಮು ಬಂತು, ಹುಡುಗರು ಒಬ್ಬೊಬ್ಬರಾಗಿ ಮನೆ ಹಿಡಿದರು. ಹಾಲ್ ಮಾರಾಟವಾಗಿ ಫ್ಲ್ಯಾಟುಗಳೆದ್ದವು. ಹಲಗೆಗಳನ್ನು ಗರಗಸದಲ್ಲಿ ತುಂಡು ಮಾಡಿ ಸಾಗಿಸಿದರಂತೆ. ನಾನಾಗ ಬೇರೆ ಊರಿನಲ್ಲಿ ಓದುತ್ತಿದ್ದೆ.

ಆಟ ಸತ್ತಿಲ್ಲ, ನಿಜ. 2004ರಲ್ಲಿ ಬಂದ ಡಿಜಿಟಲ್ ಕಾರುಗಳು ಓಡುತ್ತಲೇ ಸೀಳು ಬದಲಿಸುತ್ತವೆ. ಸುತ್ತು ಎಣಿಸುವ ಕಂಪ್ಯೂಟರು ತಪ್ಪುವುದಿಲ್ಲ, ಪೆನ್ಸಿಲಿನ ಜಗಳ ತಪ್ಪಿದ್ದು ಒಳ್ಳೆಯದೇ. ಬ್ರಿಟನ್ನಿನಲ್ಲಿ ಅಲ್ಲಲ್ಲಿ ಕ್ಲಬ್ಬುಗಳೂ ಉಳಿದಿವೆ. ಆದರೆ ನಾನು ಕಂಡ ಕಡೆ ಹಲಗೆಯ ಸುತ್ತ ನಿಂತವರು ಬಹುಪಾಲು ನರೆತ ತಲೆಯವರು, ನನ್ನ ಓರಗೆಯವರು.

ಅಂಥದ್ದೊಂದು ಕ್ಲಬ್ಬಿಗೆ ಮೊಮ್ಮಗನನ್ನು ಕರೆದೊಯ್ದೆ. ಅವನ ಮನೆಯ ಪರದೆಯಲ್ಲಿ ಕಾರು ಪಲ್ಟಿ ಹೊಡೆದರೆ ಕ್ಷಣದಲ್ಲಿ ತಾನೇ ರಸ್ತೆಗೆ ಬಂದು ನಿಲ್ಲುತ್ತದೆ. ಇಲ್ಲಿ ಕಾರು ಓಡಿಸಿ ಕುಣಿದಾಡಿದ. ಈಗ ತಿರುವಿಗೆ ಹೋಗಿ ನಿಲ್ಲು ಎಂದಾಗ ಮುಖ ಚಿಕ್ಕದಾಯಿತು.

"ಅವರ ಕಾರನ್ನ ನಾನ್ಯಾಕೆ ಎತ್ತಬೇಕು ತಾತಾ?"

ಒತ್ತಾಯಕ್ಕೆ ಹೋಗಿ ನಿಂತ, ಒಂದೇ ಪಂದ್ಯಕ್ಕೆ.