ಒದ್ದೆ ಕಂಬಳಿ

ನಾಯಿಯನ್ನು ಕುರಿತು ಬರೆಯುವವರು ಅದರ ಸ್ವಾಮಿಭಕ್ತಿಯನ್ನು ಬರೆಯುತ್ತಾರೆ. ಹೆಚ್ಚೆಂದರೆ ಅದರ ಬಾಲವನ್ನು ಬರೆಯುತ್ತಾರೆ. ಅದರ ಮೂತ್ರವನ್ನು ಕುರಿತು ಬರೆದವರನ್ನು ನಾನು ಕಾಣೆ. ಧರ್ಮರಾಯನ ಬೆನ್ನುಹತ್ತಿ ಸ್ವರ್ಗದ ಬಾಗಿಲವರೆಗೆ ನಡೆದ ನಾಯಿಯು ಅಷ್ಟು ದೂರದ ದಾರಿಯಲ್ಲಿ ಒಂದು ಗಿಡದ ಬುಡದಲ್ಲಿಯೂ ನಿಲ್ಲಲಿಲ್ಲವೆಂದರೆ ನಾನು ನಂಬಲಾರೆ. ಆದರೂ ವ್ಯಾಸಮಹರ್ಷಿಗಳು ಆ ಬಗ್ಗೆ ಮೌನವಾಗಿದ್ದಾರೆ. ಮಹರ್ಷಿಗಳು ಬಿಟ್ಟ ವಿಷಯವನ್ನು ವಿದ್ಯಾರ್ಥಿಯಾದ ನಾನು ಎತ್ತಿಕೊಂಡದ್ದಕ್ಕೆ ಅಧ್ಯಾಪಕರು ಕ್ಷಮಿಸಬೇಕು. ಸಹಪಾಠಿಗಳು ಮೂಗು ಮುಚ್ಚಿಕೊಂಡಾದರೂ ಓದಬೇಕು.

ಹಿಂದೆ ನಮ್ಮ ಸೀಮೆಯಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ನಾಯಿ ಅಂಗಳದ್ದು, ತೋಟದ್ದು, ಶಿಕಾರಿಯದ್ದು. 1967ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಗುತ್ತಿಯ ಜೊತೆ ತಿರುಗುವ ಹುಲಿಯನನ್ನು ನೆನೆಯಿರಿ. ಅದು ಹಾಸಿಗೆ ಬೇಡುವ ಜಾತಿಯಲ್ಲ. ಈಗ ಸಾಗರ, ಹೊಸನಗರ, ತೀರ್ಥಹಳ್ಳಿ ಯಾವ ಪೇಟೆಗೆ ಹೋದರೂ ಬಿಳಿ ತುಪ್ಪುಳಿನ ಸಣ್ಣ ನಾಯಿ ಒಳಮನೆಯಲ್ಲಿ ಕಾಣುತ್ತದೆ. ನಾವು ಪಾಮೆರೇನಿಯನ್ ಎನ್ನುತ್ತೇವೆ. ಬಲ್ಲವರು ಅವುಗಳಲ್ಲಿ ಬಹುಪಾಲು ಇಂಡಿಯನ್ ಸ್ಪಿಟ್ಜ್ ಎನ್ನುತ್ತಾರೆ. ಹೆಸರು ಏನಾದರಾಗಲಿ, ಅದು ಸೋಫಾ ಏರುತ್ತದೆ, ಕಂಬಳಿಯೊಳಗೆ ನುಸುಳುತ್ತದೆ. ನಾಯಿ ಕಂಬಳಿಯೊಳಗೆ ಬಂದ ಮೇಲೆ ಕಂಬಳಿ ಒದ್ದೆಯಾಗುವ ಪ್ರಸಂಗವೂ ಬಂತು.

ಅದರ ಮೇಲೆ ನಮ್ಮ ಮಳೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕು ಸುರಿಯುತ್ತದೆ. ನಮ್ಮ ಹೊಸನಗರದ ಹುಲಿಕಲ್ಲೂ ಅದಕ್ಕೆ ಸೋಲುವ ಊರಲ್ಲ. ನಾಲ್ಕು ಕಿಲೋ ತೂಕದ ಪ್ರಾಣಿಗೆ ಅಂಗಳದಲ್ಲಿ ಹರಿಯುವ ನೀರು ಹೊಟ್ಟೆಗೆ ಮುಟ್ಟುತ್ತದೆ. ಬಾಗಿಲು ತೆರೆದರೆ ನಮ್ಮ ಮನೆಯ ನಾಯಿ ಹೊಸಿಲಲ್ಲಿ ನಿಂತು ಆಕಾಶವನ್ನು ಒಮ್ಮೆ, ನಮ್ಮನ್ನು ಒಮ್ಮೆ ನೋಡಿ ಒಳಕ್ಕೆ ಹಿಂದಿರುಗುತ್ತಿತ್ತು. ಅಪ್ಪ ಕೊಟ್ಟಿಗೆಯ ಮಾಡಿನ ಕೆಳಗೆ ಒಂದು ಮೂಲೆಯಲ್ಲಿ ಒಣಸೊಪ್ಪು ಹರಡಿ ಅದಕ್ಕೆ ಪ್ರತ್ಯೇಕ ಏರ್ಪಾಡು ಮಾಡಿಕೊಟ್ಟ ಮೇಲೆ ಒಳಮನೆ ಒಣಗಿತು.

ಸಾಗರದಲ್ಲಿ ನನ್ನ ಅಕ್ಕನ ಮನೆಯ ಮರಿಯ ಕಥೆ ಬೇರೆ. ಭಾವ ಕಚೇರಿಯಿಂದ ಬಂದು, ಬೂಟು ಬಿಚ್ಚಿ, ಬಗ್ಗಿ ದೊಡ್ಡ ದನಿಯಲ್ಲಿ ಕರೆದರೆ ಸಾಕು, ಅದು ಕಿವಿ ಮಡಿಸಿ ನೆಲಕ್ಕೆ ಅಂಟಿಕೊಂಡು ಅಲ್ಲಿಯೇ ಒಂದಿಷ್ಟು ಮಾಡಿಬಿಡುತ್ತಿತ್ತು. ಗದರಿಸಿದರೆ ಇನ್ನಷ್ಟು. ಇದು ರೋಗವಲ್ಲ, ಶರಣಾಗತಿ. “ನೀನು ದೊಡ್ಡವ, ನಾನು ಸಣ್ಣವ” ಎಂಬುದನ್ನು ನಾಯಿಮರಿ ಹಾಗೆ ಹೇಳುತ್ತದೆ. (ಮೇಲಧಿಕಾರಿಯ ಮುಂದೆ ನಿಮ್ಮ ಭಾವ ಹೇಳುವುದೂ ಅದನ್ನೇ, ಒಣ ಬಾಯಲ್ಲಿ ಎಂದು ಅಕ್ಕ.) ಬಂದ ಕೂಡಲೇ ಮಾತನಾಡಿಸದೆ, ಸ್ವಲ್ಪ ಹೊತ್ತು ಬಿಟ್ಟು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರೆ ತಾನಾಗಿ ಹತ್ತಿರ ಬರುತ್ತದೆ, ಬೆಳೆದಂತೆ ಹೆಚ್ಚಿನವು ಈ ಅಭ್ಯಾಸ ಬಿಡುತ್ತವೆ. ಎರಡು ತಿಂಗಳ ಮರಿ ಎರಡು ಮೂರು ಗಂಟೆಗಿಂತ ಹೆಚ್ಚು ತಡೆದುಕೊಳ್ಳಲಾರದೆಂಬುದೂ ನೆನಪಿರಲಿ. ಒದ್ದೆಗೆ ಮೂತಿ ತಿಕ್ಕುವ ನಮ್ಮ ಹಳೆಯ ಚಿಕಿತ್ಸೆಯಿಂದ ನಾಯಿ ಕಲಿಯುವುದು ಒಂದೇ: ಇನ್ನು ಮುಂದೆ ಮಂಚದ ಅಡಿಯಲ್ಲಿ ಮಾಡಬೇಕು.

ಅದೇ ಬೀದಿಯ ಇನ್ನೊಂದು ನಾಯಿಯ ವಿಷಯ ನಗುವಂಥದಲ್ಲ. ಐದು ವರ್ಷದ ಗಂಡು. ಕಾಲೆತ್ತುತ್ತಿತ್ತು, ನಿಲ್ಲುತ್ತಿತ್ತು, ಒಂದು ತೊಟ್ಟು ಬೀಳುತ್ತಿರಲಿಲ್ಲ. ಮನೆಯವರು ಮಲಬದ್ಧತೆಯೆಂದು ಎಣಿಸಿ ಎರಡು ದಿನ ಹರಳೆಣ್ಣೆ ಕುಡಿಸಿದರು. ಸಣ್ಣ ಜಾತಿಗಳಲ್ಲಿ ಮೂತ್ರಕೋಶದ ಕಲ್ಲು ಅಪರೂಪವಲ್ಲ. ಗಂಡುನಾಯಿಯ ಶಿಶ್ನದೊಳಗೆ ಒಂದು ಮೂಳೆಯಿದೆ. ಮೂತ್ರನಾಳ ಆ ಮೂಳೆಯ ಸಂದಿನಲ್ಲಿ ಹಾದುಹೋಗುವುದರಿಂದ ಅಲ್ಲಿ ಹಿಗ್ಗಲಾರದು. ಜೋಳದ ಕಾಳಿಗಿಂತ ಸಣ್ಣ ಕಲ್ಲು ಸಿಕ್ಕಿಕೊಂಡರೂ ದಾರಿ ಕಟ್ಟಿತು. ಹೊರಹೋಗಬೇಕಾದ ವಿಷ ರಕ್ತದಲ್ಲಿಯೇ ಉಳಿಯುತ್ತದೆ. ಮೂರನೆಯ ದಿನ ಡಾಕ್ಟರ ಬಳಿಗೆ ಒಯ್ಯುವ ಹೊತ್ತಿಗೆ ಕಾಲ ಮಿಂಚಿತ್ತು. ಹಾಸಿಗೆ ಒದ್ದೆಯಾದರೆ ನಾಳೆ ನೋಡಬಹುದು. ಒಂದು ತೊಟ್ಟೂ ಬಾರದಿದ್ದರೆ ಆ ಗಳಿಗೆಯಲ್ಲಿಯೇ ಹೊರಡಬೇಕು.

ಇನ್ನು ತೀರ್ಥಹಳ್ಳಿ. ಅಲ್ಲಿ ನನ್ನ ಅಜ್ಜಿಯ ಮನೆ. ಅಜ್ಜಿಯ ಕಾಲಬುಡದಲ್ಲಿ ಮಲಗುವ ಮಲ್ಲಿ ಎಂಬ ಹೆಣ್ಣು ನಾಯಿಗೆ ಆಗ ಏಳು ವರ್ಷ. ಹಗಲೆಲ್ಲ ನೀಟಾಗಿ ಹೊರಗೆ ಹೋಗಿಬರುವ ಪ್ರಾಣಿ, ಒಂದು ಮಳೆಗಾಲದಲ್ಲಿ ರಾತ್ರಿ ನಿದ್ದೆಯಲ್ಲಿ ಕಂಬಳಿ ಒದ್ದೆ ಮಾಡತೊಡಗಿತು. ತಾನು ಎದ್ದು ನೋಡಿ ತಾನೇ ಬೆರಗಾಗಿ ಹಿಂಭಾಗ ನೆಕ್ಕಿಕೊಳ್ಳುತ್ತಿತ್ತು. ಆಷಾಢದಲ್ಲಿ ಕಂಬಳಿ ಒಣಗಿಸುವುದೆಂದರೇನೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಬಚ್ಚಲ ಒಲೆಯ ಮುಂದೆ ಅಡಿಕೆಗಿಂತ ಕಂಬಳಿಯೇ ಹೆಚ್ಚಾಯಿತು. ದೊಡ್ಡಮಾವನಿಗೆ ಸಹನೆ ಮುಗಿಯಿತು. “ಪ್ರಾಯವಾಯಿತು, ಇನ್ನು ಸರಿಹೋಗುವುದಿಲ್ಲ. ಆಗುಂಬೆ ಘಾಟಿಯಲ್ಲಿ ಬಿಟ್ಟು ಬರುತ್ತೇನೆ” ಎಂದರು.

ಇದು ಬರಿಯ ಮಾತೆಂದು ತಿಳಿಯಬಾರದು. ಹಾಗೆ ಘಾಟಿಯ ತಿರುವುಗಳಲ್ಲಿ ಬಿಟ್ಟುಹೋದ ನಾಯಿಗಳು ಬರುವ ಪ್ರತಿಯೊಂದು ಕಾರಿನ ಹಿಂದೆ ಓಡುವುದನ್ನು ಬಸ್ಸಿನ ಕಿಟಕಿಯಿಂದ ನಾನು ಕಂಡಿದ್ದೇನೆ. ಹಸಿವು ಬಾಯಾರಿಕೆಗಳಿಗೆ ಗುರಿಯಾಗುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನ ಪ್ರಕಾರ ಅಪರಾಧ. ನಾನು ಕಲಮನ್ನು ಹೇಳಿದೆ. ಮಾವ ಅಡಕೆ ಕತ್ತರಿಸುತ್ತಲೇ ಇದ್ದರು. ಆಗ ಅಜ್ಜಿ ಒಳಗಿನಿಂದ ಹೇಳಿದರು: “ನಾನೂ ರಾತ್ರೆ ಮೂರು ಸಲ ಏಳ್ತೀನಿ. ಒಂದೊಂದು ದಿನ ಬಚ್ಚಲವರೆಗೆ ತಡಿಯದಿಲ್ಲ. ನನ್ನನ್ನೂ ಘಾಟಿಗೆ ಬಿಟ್ಟು ಬರ್ತೀಯನಾ ಮಾರಾಯ?”

ಆ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾವನ ಅಡಕತ್ತರಿ ನಿಂತಿತು.

ಮರುದಿನ ಮಲ್ಲಿಯನ್ನು ಪಶು ಆಸ್ಪತ್ರೆಗೆ ಒಯ್ದೆವು. ಡಾಕ್ಟರು ನಾಯಿಯನ್ನು ಮುಟ್ಟುವ ಮೊದಲು ನಮಗೆ ಪ್ರಶ್ನೆ ಹಾಕಿದರು. ಎಚ್ಚರದಲ್ಲಿ ಹೋಗುತ್ತದೆಯೋ ನಿದ್ದೆಯಲ್ಲಿಯೋ? ಮುಕ್ಕುತ್ತದೆಯೋ? ರಕ್ತವಿದೆಯೋ? ನೀರು ಎಷ್ಟು ಕುಡಿಯುತ್ತದೆ? ಗಳಿಗೆಗೊಮ್ಮೆ ಕೂತು ತೊಟ್ಟು ತೊಟ್ಟು ಬಿಟ್ಟರೆ ಸೋಂಕು ಅಥವಾ ಕಲ್ಲು. ಬಿಂದಿಗೆಗಟ್ಟಲೆ ಕುಡಿದು ಬಿಂದಿಗೆಗಟ್ಟಲೆ ಬಿಟ್ಟರೆ ಸಕ್ಕರೆ ಕಾಯಿಲೆ, ಮೂತ್ರಪಿಂಡದ ದೋಷ, ಶಸ್ತ್ರಚಿಕಿತ್ಸೆ ಆಗದ ಹೆಣ್ಣಾದರೆ ಗರ್ಭಕೋಶದಲ್ಲಿ ಕೀವು, ಹೀಗೆ ಬೇರೆ ಬೇರೆ ಇರಬಹುದಂತೆ. ಬೆಳಗಿನ ಮೂತ್ರವನ್ನು ಶುದ್ಧವಾದ ಬಾಟಲಿಯಲ್ಲಿ ತರಲು ಹೇಳಿದರು. ಅದನ್ನು ಹಿಡಿಯುವ ಭಾಗ್ಯ ನನಗೆ ಬಂತು. ಕೊಡೆ ಒಂದು ಕೈಯಲ್ಲಿ, ಹಿಡಿ ಉದ್ದದ ಸೌಟು ಇನ್ನೊಂದು ಕೈಯಲ್ಲಿ. ಸೌಟು ಸರಿಸಿದ ಕೂಡಲೇ ಮಲ್ಲಿ ಮರ್ಯಾದಸ್ಥೆಯಂತೆ ಎದ್ದು ನಾಲ್ಕು ಮಾರು ಆಚೆ ಹೋಗಿ ನಿಲ್ಲುತ್ತಿತ್ತು. ಮೂರನೆಯ ದಿನ ಅರ್ಧ ಸೌಟು ದೊರೆಯಿತು. ಆ ಸೌಟು ಮತ್ತೆ ಅಡುಗೆಮನೆ ಸೇರಲಿಲ್ಲ.

ಸೋಂಕಿಲ್ಲ, ಸಕ್ಕರೆಯಿಲ್ಲ. ಕಲ್ಲಿಲ್ಲವೆಂದು ಖಚಿತಪಡಿಸಿಕೊಳ್ಳಲು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಸುಮಾರು 60 ಕಿಲೋಮೀಟರ್ ಹೋಗಿ ಸ್ಕ್ಯಾನಿಂಗ್ ಮಾಡಿಸಿದೆವು. ಓಮ್ನಿ ಓಡಿಸಿದವರು ದೊಡ್ಡಮಾವನೇ. ಕಾರಣ ಕೊನೆಗೆ ಹೀಗೆ ತಿಳಿಯಿತು: ಮರಿಗಳಾಗದಿರಲೆಂದು ಎರಡು ವರ್ಷದ ಹಿಂದೆ ಮಲ್ಲಿಗೆ ಶಸ್ತ್ರಚಿಕಿತ್ಸೆ ಮಾಡಿಸಿದ್ದರು. ಅಂಡಾಶಯ ತೆಗೆದ ಮೇಲೆ ಸ್ತ್ರೀ ಹಾರ್ಮೋನು ತಗ್ಗಿ, ಮೂತ್ರನಾಳವನ್ನು ಬಿಗಿಹಿಡಿಯುವ ಸ್ನಾಯು ಕೆಲವು ನಾಯಿಗಳಲ್ಲಿ ಸಡಿಲವಾಗುತ್ತದೆ. ದೊಡ್ಡ ಜಾತಿಗಳಲ್ಲಿ ಹೆಚ್ಚು, ಸಣ್ಣವಕ್ಕೂ ತಪ್ಪಿದ್ದಲ್ಲ. ಎಚ್ಚರವಿದ್ದಾಗ ಹಿಡಿತವಿರುತ್ತದೆ, ನಿದ್ದೆಯಲ್ಲಿ ತಪ್ಪುತ್ತದೆ. ಹಾಗೆಂದು ಶಸ್ತ್ರಚಿಕಿತ್ಸೆಯೇ ಬೇಡವೆನ್ನುವಂತಿಲ್ಲ. ಅದಿಲ್ಲದಿದ್ದರೆ ಗರ್ಭಕೋಶದ ಕೀವು, ಚೀಲದಲ್ಲಿ ಕಟ್ಟಿ ಪೇಟೆಗೆ ಬಿಡುವ ಮರಿಗಳು.

ಔಷಧವೆಂದರೆ ಹಾರ್ಮೋನಿನ ಒಂದು ಚಿಕ್ಕ ಮಾತ್ರೆ. ಮೊದಲು ದಿನಕ್ಕೊಂದು, ಗುಣ ಕಂಡಂತೆ ಇಳಿಸುತ್ತ ಬರಬೇಕು. ಪ್ರಮಾಣ ಡಾಕ್ಟರೇ ಗೊತ್ತುಮಾಡಬೇಕು. ರಾತ್ರಿ ನೀರು ಕಟ್ಟಬಾರದೆಂದು ಅವರು ಎರಡು ಸಲ ಹೇಳಿದರು. ಮಾವ ಅದಾಗಲೇ ಬಟ್ಟಲನ್ನು ಅಟ್ಟಕ್ಕೆ ಏರಿಸಿದ್ದರೆಂದು ಅವರಿಗೆ ಹೇಗೆ ತಿಳಿಯಿತೋ! ನಮ್ಮ ಒದ್ದೆ ತೋಟಗಳಲ್ಲಿ ಇಲಿಜ್ವರದ ಭಯವಿರುವುದರಿಂದ ವರ್ಷವರ್ಷ ಲಸಿಕೆ ಹಾಕಿಸಬೇಕು, ನಾಯಿಯ ಮೂತ್ರ ಬಳಿದ ಕೈಯನ್ನು ಸೋಪಿನಲ್ಲಿ ತೊಳೆಯಬೇಕು ಎಂದೂ ಹೇಳಿದರು.

ಹದಿನೈದು ದಿನದಲ್ಲಿ ಕಂಬಳಿ ಒಣಗಿತು. ಅದೇ ವಾರ ಅತ್ತೆ ಅಜ್ಜಿಯನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವರ ಮಂಚದ ಬಳಿ ಈಗ ರಾತ್ರಿ ಒಂದು ಸಣ್ಣ ದೀಪ ಉರಿಯುತ್ತದೆ. ಮಲ್ಲಿಗೆ ವಾರಕ್ಕೆ ಎರಡು ಮಾತ್ರೆ ಸಾಕಾಗುತ್ತದೆ, ಬೆಲ್ಲದ ಚೂರಿನಷ್ಟು ಇಡ್ಲಿಯೊಳಗೆ ಇಟ್ಟು ಕೊಡುತ್ತಾರೆ. ಖರ್ಚನ್ನು ದೊಡ್ಡಮಾವ ತೋಟದ ಲೆಕ್ಕದ ಪುಸ್ತಕದಲ್ಲಿ ಗೊಬ್ಬರದ ಬಾಬ್ತಿನಲ್ಲಿ ಬರೆಯುತ್ತಾರೆ.